ಮತ ಹಾಕಿದ ಮರುದಿನದ ಹೊಣೆ

2024ರ ಜೂನ್‌ನಲ್ಲಿ ಎರಡು ಬೃಹತ್ ಜನಪ್ರತಿನಿಧಿ ಸಭೆಗಳು ಹೊಸದಾಗಿ ಚುನಾಯಿತವಾದವು. ಒಂದು ನಮ್ಮ ಲೋಕಸಭೆ. ಇನ್ನೊಂದು 27 ರಾಷ್ಟ್ರಗಳ ಜನರು ನೇರವಾಗಿ ಆರಿಸುವ, 720 ಸದಸ್ಯರ ಯುರೋಪಿಯನ್ ಪಾರ್ಲಿಮೆಂಟು. ಅಲ್ಲಿ ಜರ್ಮನಿಗೆ 96 ಸ್ಥಾನಗಳಿದ್ದರೆ, ಐದೂವರೆ ಲಕ್ಷದಷ್ಟು ಜನರಿರುವ ಪುಟ್ಟ ಮಾಲ್ಟಾಕ್ಕೂ 6 ಸ್ಥಾನಗಳಿವೆ. ಬಹುಸಂಖ್ಯೆಯ ಗದ್ದಲದಲ್ಲಿ ಸಣ್ಣವರ ಧ್ವನಿ ಅಡಗಿ ಹೋಗಬಾರದೆಂಬುದೇ ಇದರ ಹಿಂದಿನ ಆಶಯ.

ನಮ್ಮಲ್ಲಿ ಲೆಕ್ಕ ಬೇರೆ. 2011ರ ಜನಗಣತಿಯಂತೆ ಸುಮಾರು 20.89 ಲಕ್ಷ ಜನರಿರುವ ದಕ್ಷಿಣ ಕನ್ನಡಕ್ಕೆ ಇರುವುದು ಒಬ್ಬರೇ ಸಂಸದರು. ಪುತ್ತೂರು, ಸುಳ್ಯ ವಿಧಾನಸಭಾ ಕ್ಷೇತ್ರಗಳೂ ಸುಳ್ಯ ಕ್ಷೇತ್ರದೊಳಗಿನ ಕಡಬವೂ ಅವರ ವ್ಯಾಪ್ತಿಯಲ್ಲಿವೆ. 543 ಸ್ಥಾನಗಳಲ್ಲಿ ಕರ್ನಾಟಕದ ಪಾಲು 28. ಅದರಲ್ಲಿ 2009, 2014, 2019 ಮತ್ತು 2024ರ ಚುನಾವಣೆಗಳಲ್ಲಿ ಒಬ್ಬ ಮುಸ್ಲಿಮನೂ ಗೆದ್ದಿಲ್ಲ. 2004ರಲ್ಲಿ ಗುಲ್ಬರ್ಗದಿಂದ ಗೆದ್ದ ಇಕ್ಬಾಲ್ ಅಹ್ಮದ್ ಸರಡಗಿಯವರೇ ಕೊನೆಯವರು. ರಾಜ್ಯದ ಜನಸಂಖ್ಯೆಯಲ್ಲಿ ಶೇ. 13ರಷ್ಟಿರುವ ಸಮುದಾಯಕ್ಕೆ ಇದು ಸಣ್ಣ ಕೊರತೆಯಲ್ಲ. ಟಿಕೆಟ್ ಹಂಚುವ ಪಕ್ಷಗಳು ಇದಕ್ಕೆ ಉತ್ತರಿಸಲೇಬೇಕು.

ಆದರೆ ನಾವು ನಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. 'ನಮ್ಮವರು ಎಷ್ಟು ಮಂದಿ' ಎಂದು ಎಣಿಸುವ ನಾವು, ಗೆದ್ದವರು ಸದನದಲ್ಲಿ ಏನು ಕೇಳಿದರೆಂದು ಎಂದಾದರೂ ವಿಚಾರಿಸಿದ್ದೇವೆಯೇ? ಸಂಸದರು ಮತ ಕೊಟ್ಟವರಿಗೆ ಮಾತ್ರ ಪ್ರತಿನಿಧಿಯಲ್ಲ. ಮತ ಕೊಡದವರಿಗೂ ಅವರೇ ಪ್ರತಿನಿಧಿ. ಅವರನ್ನು ಕೇಳುವ ಹಕ್ಕನ್ನು ನಾವಾಗಿಯೇ ಬಿಟ್ಟುಕೊಟ್ಟಿದ್ದೇವೆ.

ಒಂದು ಪ್ರಶ್ನೆಯ ಬೆಲೆ ಏನೆಂಬುದಕ್ಕೆ ನಿದರ್ಶನವಿದೆ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿದ ಸಂಗತಿಯನ್ನು ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದ್ದು ಕೇರಳದ ಸದಸ್ಯ ಟಿ.ಎನ್. ಪ್ರತಾಪನ್ ಅವರ ಪ್ರಶ್ನೆಗೆ ಉತ್ತರವಾಗಿ. ಕೇಳಿದ ಸದಸ್ಯರು ಮುಸ್ಲಿಮರಲ್ಲ. ಅದೇ ವರ್ಷ ಒಂದರಿಂದ ಎಂಟನೇ ತರಗತಿಯ ಮಕ್ಕಳ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವೂ ನಿಂತಿತು. ನಮ್ಮ ಮನೆಗಳಲ್ಲಿ ಗೊಣಗಾಟ ಕೇಳಿಸಿತು. ಸಂಸದರ ಕಚೇರಿಗೆ ಎಷ್ಟು ಪತ್ರಗಳು ಹೋದವು?

ದಿಲ್ಲಿ ದೂರವೆಂದು ಭಾವಿಸುವವರು ತಮ್ಮ ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯನ್ನೊಮ್ಮೆ ನೋಡಲಿ. ಆಮದು ಅಡಿಕೆಯ ಕನಿಷ್ಠ ದರವನ್ನು 2023ರಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಕೇಂದ್ರ ಸರಕಾರ. ಶಿರಾಡಿ ಘಾಟಿಯ ಹೆದ್ದಾರಿ, ಕಬಕ ಪುತ್ತೂರಿನ ಮೂಲಕ ಸಾಗುವ ರೈಲು, ಸುಳ್ಯದ ತೋಟಗಳನ್ನು ಕಾಡುವ ಹಳದಿ ಎಲೆ ರೋಗದ ಸಂಶೋಧನೆ ಎಲ್ಲಕ್ಕೂ ದಿಲ್ಲಿಯ ನಂಟಿದೆ. ಇವುಗಳಲ್ಲಿ ಯಾವುದಕ್ಕೂ ಜಾತಿ ಮತವಿಲ್ಲ.

ಆದ್ದರಿಂದ ನಮ್ಮ ಜಮಾಅತ್ ಸಮಿತಿಗಳ ಮನವಿ ಕಬರಸ್ತಾನದ ಆವರಣ ಗೋಡೆಗಷ್ಟೇ ಸೀಮಿತವಾಗಬಾರದು. ನೆರೆಯ ಕೃಷಿಕರೊಂದಿಗೆ, ಸಹಕಾರಿ ಸಂಘಗಳೊಂದಿಗೆ ಕೂಡಿ ಪ್ರತಿ ಅಧಿವೇಶನಕ್ಕೆ ಮುನ್ನ ಲಿಖಿತ ಬೇಡಿಕೆಯೊಂದನ್ನು ಸಂಸದರ ಕೈಗಿಡಬೇಕು. ಅಧಿವೇಶನ ಮುಗಿದ ಬಳಿಕ ಉತ್ತರ ಕೇಳಬೇಕು. ಲೋಕಸಭೆಗೆ ಅರ್ಜಿಗಳ ಸಮಿತಿಯೂ ಇದೆ. ಅದರ ಬಾಗಿಲನ್ನೂ ತಟ್ಟಬಹುದು.

2026ರ ನಂತರದ ಮೊದಲ ಜನಗಣತಿಯ ಆಧಾರದಲ್ಲಿ ಸ್ಥಾನಗಳ ಮರುಹಂಚಿಕೆಯಾದರೆ ದಕ್ಷಿಣದ ರಾಜ್ಯಗಳ ಪಾಲು ಕುಗ್ಗಬಹುದೆಂಬ ಆತಂಕವಿದೆ. ಸಂಖ್ಯೆ ಕುಗ್ಗುವ ಕಾಲದಲ್ಲಿ ಮೌನ ಇನ್ನಷ್ಟು ದುಬಾರಿ. ಪ್ರಾತಿನಿಧ್ಯವಿಲ್ಲವೆಂದು ಮರುಗುವ ಸಮುದಾಯ, ಇರುವ ಪ್ರತಿನಿಧಿಯನ್ನು ಪ್ರಶ್ನಿಸಲು ಮೊದಲು ಕಲಿಯಲಿ.