ಪರೀಕ್ಷಿಸಿ ನಂಬೋಣ, ಉಳಿಸಿ ಬಳಸೋಣ

ಬಿಸಿಲಲ್ಲಿ ಬಳಲಿ ಬಂದವರಿಗೆ ನಾಮದ ಬೇರಿನ ಶರಬತ್ತು ಕೊಡುವುದು ನಮ್ಮ ಕಾಸರಗೋಡಿನ ಕಡೆ ಹಿಂದಿನಿಂದ ಬಂದ ರೂಢಿ. ಸೊಗದೆ ಬೇರು ಎಂದೂ ಕರೆಯಲ್ಪಡುವ ಈ ಬಳ್ಳಿಯನ್ನು ಮಲಯಾಳದ ನೆರೆಯವರು ನನ್ನಾರಿ ಎನ್ನುತ್ತಾರೆ. ಆಯುರ್ವೇದದಲ್ಲಿ ಇದು ಸಾರಿವಾ. ಚರ್ಮರೋಗಕ್ಕೆ ಇದು ಒಳ್ಳೆಯದೆಂದು ಹಿರಿಯರು ಹೇಳುತ್ತಾರೆ. ಈ ಮಾತನ್ನು ಕಣ್ಣು ಮುಚ್ಚಿ ನಂಬುವವರಿದ್ದಾರೆ. ಅಜ್ಜಿಕತೆಯೆಂದು ನಗುವವರೂ ಇದ್ದಾರೆ. ಎರಡೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಪರೀಕ್ಷೆಯಾಗಬೇಕು. ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಯೊಳಗೆ ಅಗರ್ ಎಂಬ ಗಟ್ಟಿ ಲೋಳೆಯನ್ನು ಹರಡಿ, ಅದರ ಮೇಲೆ ಕುರು ಎಬ್ಬಿಸುವ ಸ್ಟೆಫಿಲೊಕಾಕಸ್‌ನಂತಹ ಬ್ಯಾಕ್ಟೀರಿಯಾವನ್ನು ಸವರುತ್ತಾರೆ. ಬೇರಿನ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅಲ್ಲಿಟ್ಟು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ರಾತ್ರಿ ಇಡುತ್ತಾರೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ಬಳೆ ಕಂಡರೆ ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಬರಿಯ ಮದ್ಯಸಾರದಲ್ಲಿ ಅದ್ದಿದ ಇನ್ನೊಂದು ಬಿಲ್ಲೆಯನ್ನೂ ಇಡಲೇಬೇಕು. ಅದರ ಸುತ್ತಲೂ ಅಷ್ಟೇ ದೊಡ್ಡ ಬಳೆ ಮೂಡಿದರೆ ಆ ಕೀರ್ತಿ ಬೇರಿನದಲ್ಲ! ಬಳೆ ಬೇರಿನದೇ ಆದರೂ ಅದು ಮೊದಲ ಮೆಟ್ಟಿಲು ಮಾತ್ರ. ತಟ್ಟೆ ಬೇರೆ, ಮನುಷ್ಯನ ದೇಹ ಬೇರೆ. ನಿಂಬೆರಸವೂ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯಬಲ್ಲುದು. ಆದುದರಿಂದ ಇಂತಹ ಸುದ್ದಿ ಓದಿ ವೈದ್ಯರ ಔಷಧಿಯನ್ನು ಬಿಡುವುದು ಅಪಾಯ.

ಎರಡನೆಯ ಮಾತು, ಬಳ್ಳಿಯ ಉಳಿವಿನದು. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರೀತು. ಬೇರನ್ನೇ ಅಗೆದರೆ ಉಳಿಯುವುದೇನು? ಇಲ್ಲಿ ಅಂಗಾಂಶ ಕೃಷಿ ನೆರವಿಗೆ ಬರುತ್ತದೆ. ಗಂಟಿರುವ ಒಂದು ಚಿಕ್ಕ ಕಾಂಡದ ತುಣುಕನ್ನು ಶುದ್ಧಗೊಳಿಸಿ, ಸಕ್ಕರೆ, ಲವಣ, ಬೆಳವಣಿಗೆಯ ಹಾರ್ಮೋನುಗಳಿರುವ ಅಗರಿನಲ್ಲಿ ನೆಟ್ಟರೆ ಹಲವು ಕುಡಿಗಳೊಡೆಯುತ್ತವೆ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಪಾಕವೇ ಇಂದಿಗೂ ಈ ಕೆಲಸದಲ್ಲಿ ಹೆಚ್ಚು ಬಳಕೆಯಲ್ಲಿದೆ. ನಮ್ಮ ರೈತರು ನೆಡುವ ಟಿಶ್ಯೂ ಕಲ್ಚರ್ ಬಾಳೆ ಇದೇ ವಿದ್ಯೆಯ ಫಲ.

ಆದರೆ ಸೀಸೆಯಲ್ಲಿ ಬೆಳೆಸಬಹುದೆಂದು ಗುಡ್ಡವನ್ನು ಬರಿದು ಮಾಡಬಹುದೇ? ಒಂದೇ ತುಣುಕಿನಿಂದ ಬಂದ ಸಸಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲೀತು. ಗುಡ್ಡದ ಬಳ್ಳಿಗಳಲ್ಲಿ ಹಲವು ಬಗೆಗಳಿವೆ. ಅಲ್ಲದೆ ಸೀಸೆಯ ಸಸಿಯ ಬೇರಿನಲ್ಲಿ ಅದೇ ಪರಿಮಳ, ಅದೇ ಗುಣ ಇದೆಯೇ ಎಂಬುದನ್ನು ಮತ್ತೆ ಪರೀಕ್ಷಿಸಿಯೇ ತಿಳಿಯಬೇಕು. ಹೋಲಿಸಿ ನೋಡಲಾದರೂ ಗುಡ್ಡದ ಬಳ್ಳಿ ಬೇಕಲ್ಲವೇ?

ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೆ: ಬೇರು ಅಗೆಯುವಾಗ ಒಂದು ಪಾಲನ್ನು ಮಣ್ಣಿನಲ್ಲೇ ಬಿಡಿ, ಅದು ಮಳೆಗೆ ಚಿಗುರುತ್ತದೆ. ವಿದ್ಯಾರ್ಥಿ ಮಿತ್ರರೇ, ಅಜ್ಜ ಅಜ್ಜಿಯರು ಬಲ್ಲ ಮದ್ದುಗಿಡಗಳ ಹೆಸರು, ಉಪಯೋಗಗಳನ್ನು ಕೇಳಿ ಬರೆದಿಡಿ. ಮುಂದೆ ನಿಮ್ಮಲ್ಲೊಬ್ಬರು ಪ್ರಯೋಗಾಲಯದಲ್ಲಿ ಕುಳಿತಾಗ, ಪರೀಕ್ಷಿಸಲು ಆ ಮಾತೂ ಇರಲಿ, ಆ ಬಳ್ಳಿಯೂ ಇರಲಿ.