ಕುದುರೆ ಬಿದ್ದರೆ ಹೊಣೆ ಯಾರದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಶರ್ಯತ್ತಿಲ್ಲದೆ ಜಾತ್ರೆ ಕಳೆಗಟ್ಟುವುದಿಲ್ಲ. ಎತ್ತಿನ ಗಾಡಿಯ ಜತೆಗೆ ಕುದುರೆ ಗಾಡಿಯೂ ಓಡಬೇಕು. ಹಿರಿಯರ ಕಾಲದಿಂದ ಬಂದದ್ದು, ಬಿಡೋದು ಹ್ಯಾಂಗ ಅಂತಾರೆ ಜನ. ಬಿಡುವ ಮಾತು ಹಾಗಿರಲಿ, ಓಡಿಸುವವನ ಹೊಣೆ ಏನು?

ಎತ್ತಿನ ಗಾಡಿ ಓಟಕ್ಕೆ 2014ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಕಂಬಳದ ಗದ್ದಲವಾಗಿ 2017ರಲ್ಲಿ ಕರ್ನಾಟಕ ಕಾಯಿದೆ ತಿದ್ದಿತು. 2023ರ ಮೇ 18ರಂದು ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಸಿಕ್ಕ ಸಡಿಲಿಕೆ ಕೋಣಕ್ಕೆ, ಎತ್ತಿಗೆ. ಕುದುರೆಯ ಹೆಸರು ಅದರಲ್ಲಿಲ್ಲ. ಅದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೇ ಲಾಗೂ. ಪ್ರಾಣಿ ಯಾರ ಕೈಯಲ್ಲಿದೆಯೋ ಅದರ ಯೋಗಕ್ಷೇಮ ಅವನದೇ ಎನ್ನುತ್ತದೆ 3ನೇ ಕಲಂ. ಬಡಿಯುವುದು, ಶಕ್ತಿ ಮೀರಿ ಓಡಿಸುವುದು 11ನೇ ಕಲಮಿನಂತೆ ಅಪರಾಧ. ಅಂದ ಮೇಲೆ ಲಗಾಮು ಹಿಡಿದವನೇ ಮೊದಲ ಹೊಣೆಗಾರ.

ಹೊರದೇಶಗಳಲ್ಲಿ ಒಂದೇ ದಿನ 160 ಕಿಲೋಮೀಟರು ಕುದುರೆ ಓಡಿಸುವ ಪಂದ್ಯವಿದೆ. ಹಂತ ಹಂತಕ್ಕೂ ಪಶುವೈದ್ಯರು ಎದೆಬಡಿತ ಎಣಿಸುತ್ತಾರೆ, ಕುಂಟುತ್ತದೆಯೇ ಎಂದು ನಡೆಸಿ ನೋಡುತ್ತಾರೆ. ಮೊದಲು ಗುರಿ ಮುಟ್ಟಿದರೂ, ಕುದುರೆ ಪಾಸಾಗದಿದ್ದರೆ ಸವಾರನಿಗೆ ಬಹುಮಾನವಿಲ್ಲ.

ನಮ್ಮಲ್ಲಿ ಗೆರೆ ದಾಟಿದ ಕೂಡಲೇ ಗುಲಾಲು! ಸುಡುವ ಡಾಂಬರು ರಸ್ತೆ, ಹಿಂದೆ ಮೋಟಾರ್ ಸೈಕಲ್ಲುಗಳ ಹಾರ್ನು. ಕುದುರೆಯ ಬಾಯಲ್ಲಿ ನೊರೆ ಬಂದದ್ದು ಯಾರಿಗೆ ಕಾಣಬೇಕು?

ಓಟದ ಮುಂಚೆ ಮತ್ತು ನಂತರ ಪಶು ಡಾಕ್ಟರು ನೋಡಿ ಒಪ್ಪಿದರೆ ಮಾತ್ರ ಬಹುಮಾನ ಎಂದು ಜಾತ್ರಾ ಕಮಿಟಿಗಳು ಹ್ಯಾಂಡ್‌ಬಿಲ್ಲಿನಲ್ಲೇ ಅಚ್ಚು ಹಾಕಿಸಲಿ. ಬಾರಕೋಲು ತಾನಾಗಿಯೇ ಕೆಳಗಿಳಿಯುತ್ತದೆ.