ಸದ್ದು ಹೋದರೆ ಏನು ಮಹಾ?

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :-) ಇವತ್ತು ಬರೆಯೋಕೆ ಕೂತಿದ್ದು ಒಂದು ಜಗಳದಿಂದಾಗಿ. ಮೊನ್ನೆ ಊಟದ ಹೊತ್ತಲ್ಲಿ ಲಿನಕ್ಸ್ ವಿಷಯ ಬಂತು. "ಸೌಂಡ್ ಸರ್ವರ್ ಕ್ರ್ಯಾಶ್ ಆದ್ರೆ ಏನೀಗ? ಎರಡು ನಿಮಿಷ ಹಾಡು ನಿಲ್ಲುತ್ತೆ, ಅಷ್ಟೇ ತಾನೇ" ಅಂದ ಗೆಳೆಯ. 2024ರ ದೀಪಾವಳಿಗೆ ಮುಂಚೆ ಆಗಿದ್ದಿದ್ರೆ ನಾನೂ ಹೂಂ ಅಂದುಬಿಡ್ತಿದ್ದೆ.

ನಮ್ಮ ಸೋದರಮಾವನಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ನಾನು ಕಾಲೇಜಲ್ಲಿ ಉಜ್ಜಿ ಉಜ್ಜಿ ಬಿಟ್ಟ ಆಟಂ ಪ್ರೊಸೆಸರಿನ ಪುಟ್ಟ ಲ್ಯಾಪ್‌ಟಾಪ್ ಈಗ ಅವರ ಹತ್ರ ಇದೆ. ಡೆಬಿಯನ್ 11, ಮೇಟ್ ಡೆಸ್ಕ್‌ಟಾಪ್. ಪರದೆ ಮೇಲಿರೋದನ್ನ ಓರ್ಕಾ ಓದಿ ಹೇಳುತ್ತೆ, ದನಿ ಈ-ಸ್ಪೀಕ್‌ನದು. ಈ-ಸ್ಪೀಕ್‌ಗೆ ಕನ್ನಡವೂ ಬರುತ್ತೆ. ಏನೋ, ನೆಗಡಿ ಆದ ಮೇಷ್ಟ್ರು ಪಾಠ ಓದಿದ ಹಾಗೆ, ಆದ್ರೂ ಕನ್ನಡವೇ. ಮಾವ ಪೇಪರ್ ಓದೋದು, ಮೇಲ್ ಬರೆಯೋದು ಎಲ್ಲಾ ಅದರಲ್ಲೇ.

ಓರ್ಕಾ ಮಾತು ಸೀದಾ ಸ್ಪೀಕರಿಗೆ ಹೋಗಲ್ಲ. ಸೌಂಡ್ ಕಾರ್ಡ್ ಒಂದೇ, ಅದನ್ನ ಕೇಳೋರು ಹತ್ತು ಜನ. ಎಲ್ಲರ ಸದ್ದನ್ನೂ ಬೆರೆಸಿ ಕಾರ್ಡಿಗೆ ಕೊಡೋ ಮಧ್ಯವರ್ತಿ ಪಲ್ಸ್‌ಆಡಿಯೋ. ಅದು ಬಿದ್ದರೆ ನಿಮಗೆ ಹಾಡು ನಿಲ್ಲುತ್ತೆ. ಮಾವನಿಗೆ ಇಡೀ ಕಂಪ್ಯೂಟರ್ರೇ ಮಾಯ. ಹ್ಯಾಂಗ್ ಆಯ್ತಾ, ಬ್ಯಾಟರಿ ಹೋಯ್ತಾ, ಬರೀ ಸದ್ದು ಹೋಯ್ತಾ, ತಿಳಿಯೋ ದಾರಿಯೇ ಇಲ್ಲ. ಅವರು ಮಾಡ್ತಿದ್ದಿದ್ದು ಒಂದೇ, ಪವರ್ ಬಟನ್ ಅದುಮಿ ಹಿಡಿಯೋದು. ಅರ್ಧ ಬರೆದ ಮೇಲ್ ಹಾಗೇ ಹೋಗೋದು. "ನಿನ್ನ ಯಂತ್ರ ಮತ್ತೆ ಸತ್ತೋಯ್ತು ಕಣೋ" ಅಂತ ಫೋನ್.

ಹಬ್ಬಕ್ಕೆ ಊರಿಗೆ ಹೋದಾಗ ರಿಪೇರಿಗೆ ಕೂತೆ. ಮೊದಲು ಮಾಡಿದ್ದು ನಾವೆಲ್ಲಾ ಮಾಡೋದೇ: ತೆಗೆದು ಮತ್ತೆ ಇನ್‌ಸ್ಟಾಲ್. ಒಂದು ದಿನ ಸರಿ ಇತ್ತು. ಮಾರನೇ ದಿನ ಬೆಳಗ್ಗೆ, ಕಾಫಿ ಮುಗಿಯೋಕೆ ಮುಂಚೆ, ಮತ್ತೆ ಮೌನ. ಆಗ ನಾಚಿಕೆಯಾಗಿ ಲಾಗ್ ತೆರೆದೆ. (ಎಂಜಿನಿಯರಿಂಗ್ ಓದಿ, ಇದೇ ಕೆಲಸಕ್ಕೆ ಸಂಬಳ ತಗೊಳ್ಳೋನು ಲಾಗ್ ಓದಿದ್ದು ಎರಡನೇ ದಿನ!)

ಪಲ್ಸ್‌ಆಡಿಯೋ ತಾನಾಗಿ ಎಡವಿ ಬಿದ್ದಿದ್ರೆ ಸಾಮಾನ್ಯವಾಗಿ ಸಿಗ್ನಲ್ 11, ಅಂದ್ರೆ ಸೆಗ್‌ಫಾಲ್ಟ್ ಕಾಣಬೇಕಿತ್ತು. ಇಲ್ಲಿದ್ದಿದ್ದು 9. ಅಂದ್ರೆ ಬಿದ್ದಿಲ್ಲ, ಯಾರೋ ಕೊಂದಿದ್ದಾರೆ. ಮೆಮೊರಿ ಸಾಲದೆ ಕರ್ನಲ್ ಕೊಂದಿರಬಹುದು ಅಂತ ಅನುಮಾನ ಬಂತು, ಕರ್ನಲ್ ಲಾಗಿನಲ್ಲಿ ಅದರ ಸುಳಿವಿಲ್ಲ. ಉಳಿದಿದ್ದು ಇನ್ನೊಂದು ದಾರಿ. ಸದ್ದು ತಡವರಿಸಬಾರದು ಅಂತ ಪಲ್ಸ್‌ಆಡಿಯೋ ರಿಯಲ್‌ಟೈಮ್ ಆದ್ಯತೆ ಕೇಳಿಕೊಳ್ಳುತ್ತೆ. ಅದಕ್ಕೊಂದು ಷರತ್ತು: ನಡುವೆ ಒಮ್ಮೆಯೂ ನಿಲ್ಲದೆ 200 ಮಿಲಿಸೆಕೆಂಡ್ ಸಿಪಿಯು ತಿಂದರೆ ಕರ್ನಲ್ ಕತ್ತು ಹಿಸುಕುತ್ತೆ. ಷರತ್ತು ನ್ಯಾಯವಾದದ್ದೇ, ಇಲ್ಲದಿದ್ರೆ ಒಂದು ಪ್ರೋಗ್ರಾಂ ಇಡೀ ಯಂತ್ರವನ್ನ ಹಿಡಿದು ಕೂರಬಹುದು.

ಸರಿ, ಬರೀ ಮಾತು ನುಡಿಸೋಕೆ 200 ಮಿಲಿಸೆಕೆಂಡ್ ಯಾಕೆ ಬೇಕು? ಹೋಮ್ ಫೋಲ್ಡರಿನ ಡೀಮನ್ ಕಾನ್ಫ್ ಫೈಲ್ ತೆರೆದೆ. ಎರಡು ಸಾಲು. ಸ್ಯಾಂಪಲ್ ರೇಟ್ 192000. ರೀಸ್ಯಾಂಪ್ಲಿಂಗ್ ಸ್ಪೀಕ್ಸ್-ಫ್ಲೋಟ್-10. ಬರೆದಿದ್ದು ನಾನೇ! 2017ರಲ್ಲಿ, ಹಾಸ್ಟೆಲ್ಲಿನಲ್ಲಿ ಹೊಸ ಹೆಡ್‌ಫೋನ್ ತಗೊಂಡಾಗ, "ಸ್ಟುಡಿಯೋ ಕ್ವಾಲಿಟಿ" ಅಂತ ಎಲ್ಲೋ ಓದಿ ಅಂಟಿಸಿದ್ದು. ಮೂಲದಲ್ಲಿ ಇರೋದು 44100 ಮತ್ತು ಸ್ಪೀಕ್ಸ್-ಫ್ಲೋಟ್-1. ಈ-ಸ್ಪೀಕ್ ಮಾತಾಡೋದು 22050ರಲ್ಲಿ. ಅದನ್ನ 192000ಕ್ಕೆ, ಅದೂ ಅತಿ ಭಾರದ ಲೆಕ್ಕದಲ್ಲಿ ಏರಿಸೋಕೆ ಆ ಬಡಪಾಯಿ ಆಟಂ ಏದುಸಿರು ಬಿಡ್ತಿತ್ತು. ಸಾಲದ್ದಕ್ಕೆ ಓರ್ಕಾ ಪ್ರತಿ ಕೀ ಒತ್ತಿದಾಗಲೂ ಹಳೇ ಮಾತು ಕತ್ತರಿಸಿ ಹೊಸದು ಶುರು ಮಾಡುತ್ತೆ, ಪ್ರತಿ ಸಲವೂ ಬಫರ್ ಮತ್ತೆ ತುಂಬಬೇಕು. ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದರೂ ಹೋಮ್ ಫೋಲ್ಡರ್ ಹಾಗೇ ಇತ್ತಲ್ಲ, ರೋಗವೂ ಹಾಗೇ ಇತ್ತು.

ನನ್ನ ಕಾಲದಲ್ಲೂ ಅದು ಬೀಳ್ತಿತ್ತು. ಈಗ ನೆನಪಾಗುತ್ತೆ. ಹಾಡು ನಿಲ್ಲೋದು, ನಾನು ಮತ್ತೆ ಪ್ಲೇ ಒತ್ತೋದು. ಅದೊಂದು ತೊಂದರೆ ಅಂತ ಅನ್ನಿಸಿಯೇ ಇರಲಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಗ್ರಾಫಿಕ್ಸ್ ಕ್ರ್ಯಾಶ್ ಆದ್ರೆ ಎಲ್ಲರೂ ಎದ್ದು ಓಡ್ತೀವಿ, ಕೊನೆಗೆ ಲಾಗಿನ್ ಪರದೆಯಾದ್ರೂ ಕಾಣುತ್ತೆ. ಸೌಂಡ್ ಸರ್ವರ್ ಸತ್ತರೆ ಸಿಸ್ಟಂಡಿ ಎಬ್ಬಿಸೋಕೆ ನೋಡುತ್ತೆ ನಿಜ, ಆದ್ರೆ ಹತ್ತು ಸೆಕೆಂಡಿನಲ್ಲಿ ಐದು ಸಲ ಎದ್ದು ಬಿದ್ದರೆ ಸುಮ್ಮನೆ ಕೈಚೆಲ್ಲಿ ಕೂರುತ್ತೆ. ಎದ್ದರೂ ನಮ್ಮ ಯಂತ್ರದಲ್ಲಿ ಓರ್ಕಾಗೆ ದನಿ ವಾಪಸ್ ಬರ್ತಿರಲಿಲ್ಲ. ಫೆಡೋರಾ 2021ರಲ್ಲೇ ಪೈಪ್‌ವೈರ್‌ಗೆ ಹೋಯ್ತು, ಡೆಬಿಯನ್ 2023ರಲ್ಲಿ ಗ್ನೋಮ್ ಜೊತೆಗೆ ಅದನ್ನೇ ಕೊಟ್ಟಿತು. ಮಧ್ಯವರ್ತಿ ಬದಲಾದ, ಒಳ್ಳೇದೇ. ಆದ್ರೆ ಅವನು ಸತ್ತಾಗ ಕಣ್ಣಿಲ್ಲದವರಿಗೆ ಸುದ್ದಿ ಹೇಳೋರು ಯಾರು? ಡೆಸ್ಕ್‌ಟಾಪ್ ಕಟ್ಟೋರು ಬಿಡುಗಡೆಗೆ ಮುಂಚೆ ಒಂದು ಸಲ ಓರ್ಕಾ ಹಾಕಿ, ಮಾನಿಟರ್ ಆಫ್ ಮಾಡಿ, ಸೌಂಡ್ ಸರ್ವರನ್ನ ಬೇಕಂತಲೇ ಕೊಂದು ನೋಡಲಿ. "ವಿಂಡೋಸ್ ಹಾಕಿಕೊಡು, ಎನ್‌ವಿಡಿಎ ಪುಕ್ಕಟೆ ಸಿಗುತ್ತಲ್ಲ" ಅಂದ ಅದೇ ಗೆಳೆಯ. ಕೊಡಬಹುದು. ಅದರಿಂದ ಇಲ್ಲಿಯ ಬಗ್ ಸಣ್ಣದಾಗಲ್ಲ.

ಆ ಎರಡು ಸಾಲು ಅಳಿಸಿದೆ. ಐದು ಸಲದ ಮಿತಿ ತೆಗೆದೆ. ಸೌಂಡ್ ಸರ್ವರ್, ಸ್ಪೀಚ್ ಡಿಸ್ಪ್ಯಾಚರ್, ಓರ್ಕಾ ಮೂರನ್ನೂ ಒಟ್ಟಿಗೆ ಕೊಂದು ಎಬ್ಬಿಸೋ ಪುಟ್ಟ ಸ್ಕ್ರಿಪ್ಟ್ ಬರೆದು ಒಂದು ಕೀಗೆ ಕಟ್ಟಿದೆ. ಮಾವ ಅದಕ್ಕೆ ಸುಪ್ರಭಾತದ ಬಟನ್ ಅಂತ ಹೆಸರಿಟ್ಟಿದ್ದಾರೆ. ಹೋದ ವಾರ ಎರಡು ಸಲ ಒತ್ತಬೇಕಾಯ್ತಂತೆ. ಲಾಗ್ ಕಳಿಸಿದ್ದಾರೆ, ಇವತ್ತು ರಾತ್ರಿ ಕೂತು ಓದಬೇಕು.